ಪೊರೆ ಬಿಡುವ ಹೊತ್ತು

ಈರೋಡ್ ಜಿಲ್ಲೆಗೆ ಸೇರಿದ್ದರೂ ಕನ್ನಡದಲ್ಲೇ ಬಾಳುವ ತಾಳವಾಡಿ ಬೆಟ್ಟಸೀಮೆಯಲ್ಲಿ ರೇಷ್ಮೆ ಸಾಕುವ ಮನೆಗಳಿವೆ. ಹೊತ್ತುಹೊತ್ತಿಗೆ ಸೊಪ್ಪು ಬೇಡುವ ಹುಳು ಒಂದು ದಿನ ಮೇವು ಬಿಡುತ್ತದೆ. ಮೈ ಬಿಗಿದು ಚರ್ಮ ಹೊಳೆಯತೊಡಗುತ್ತದೆ. ಹಿಂಗಾಲುಗಳಲ್ಲಿ ಸೊಪ್ಪಿನ ಹಾಸನ್ನು ಬಿಗಿಯಾಗಿ ಹಿಡಿದು, ತಲೆಯೆತ್ತಿ, ಅಲುಗದೆ ಕೂತುಬಿಡುತ್ತದೆ. “ಹುಳ ಜ್ವರಕ್ಕ ಕೂತವ, ಸೊಪ್ಪು ಹಾಕಬ್ಯಾಡ ಕಣವ್ವ” ಎಂದು ಅತ್ತೆ ಸೊಸೆಗೆ ಹೇಳುವುದು ಆಗಲೇ.

ಇದು ಕಾಯಿಲೆಯಲ್ಲ, ಚರ್ಮ ಬದಲಿಸುವ ಹೊತ್ತು. ಹುಳುವಿನ ಹೊರಚರ್ಮ ಒಂದು ಮಿತಿಯಾಚೆ ಹಿಗ್ಗದು. ಆದರೆ ಸುಮಾರು 25 ದಿನಗಳಲ್ಲಿ ಅದರ ತೂಕ ಹತ್ತು ಸಾವಿರ ಪಟ್ಟು ಏರಬೇಕು. ಅದಕ್ಕಾಗಿ ನಾಲ್ಕು ಜ್ವರ. ಪ್ರತಿ ಸಲವೂ ಒಳಗೆ ಹೊಸ ಚರ್ಮ ಸಿದ್ಧವಾದ ಮೇಲೆ ಹಳೆಯ ತಲೆಚಿಪ್ಪು ಮೂತಿಯಿಂದ ಕಳಚಿ ಬೀಳುತ್ತದೆ. ಹುಳು ಮುಂದಕ್ಕೆ ತೆವಳಿ ಹಳೆಯ ಮೈಯನ್ನು ಬಾಲದ ಕಡೆಗೆ ಬಿಟ್ಟು ಹೊರಬರುತ್ತದೆ. ಹೊಸ ಚರ್ಮ ಸುಕ್ಕುಸುಕ್ಕಾಗಿ, ಮೆತ್ತಗೆ, ಬೆಳೆಯಲು ಜಾಗ ಇಟ್ಟುಕೊಂಡೇ ಬಂದಿರುತ್ತದೆ. ಈ ಒಂದು ದಿನದಲ್ಲಿ ಹುಳುವನ್ನು ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಹಾಸು ಒಣಗಿರಲೆಂದು ಸುಣ್ಣದ ಪುಡಿ ಉದುರಿಸಿ, ಗಾಳಿಯಾಡಲು ಬಿಟ್ಟು, ಹೆಚ್ಚುಕಡಿಮೆ ಎಲ್ಲವೂ ಎದ್ದ ಮೇಲೆ ಸೊಪ್ಪು ಕೊಡಬೇಕು.

ಪೊರೆ ಕಳಚಲು ಅಪ್ಪಣೆ ಕೊಡುವ ಹಾರ್ಮೋನಿನ ಹೆಸರು ಎಕ್ಡೈಸೋನ್. ಅದನ್ನು 1954ರಲ್ಲಿ ಬ್ಯುಟೆನಾಂಟ್ ಮತ್ತು ಕಾರ್ಲ್‌ಸನ್ ಎಂಬ ಜರ್ಮನ್ ವಿಜ್ಞಾನಿಗಳು ಬೇರ್ಪಡಿಸಿದ್ದು ಕೂಡ ರೇಷ್ಮೆಹುಳುವಿನಿಂದಲೇ. ಗೂಡಿನೊಳಗಿನ 500 ಕಿಲೋ ಹುಳು ಅರೆದಾಗ ಸಿಕ್ಕಿದ್ದು 25 ಮಿಲಿಗ್ರಾಂ.

ಹುಳುವಿನಂತೆ ಹಾವೂ ಪೊರೆ ಬಿಡುತ್ತದೆ. ಬೇಲಿಯ ಕಲ್ಲುಸಂದಿನಲ್ಲಿ ಸಿಗುವ ಕೇರೆಹಾವಿನ ಪೊರೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅದು ಕಾಲುಚೀಲ ಕಳಚಿದಂತೆ ಒಳಮೈ ಹೊರಗಾಗಿರುತ್ತದೆ. ಹಾವಿಗೆ ರೆಪ್ಪೆಯಿಲ್ಲ, ಕಣ್ಣನ್ನು ಕಾಯುವ ತೆಳ್ಳನೆಯ ಪಾರದರ್ಶಕ ಮುಚ್ಚಳವೂ ಪೊರೆಯ ಜೊತೆಗೇ ಬಂದಿರುತ್ತದೆ. ಪೊರೆ ಬಿಡುವ ಮುಂಚಿನ ದಿನಗಳಲ್ಲಿ ಹಳೆ ಪದರಕ್ಕೂ ಹೊಸ ಪದರಕ್ಕೂ ನಡುವೆ ದ್ರವ ತುಂಬಿ ಹಾವಿನ ಕಣ್ಣು ಹಾಲುಬಣ್ಣಕ್ಕೆ ತಿರುಗುತ್ತದೆ, ನೋಟ ಮಂಜಾಗುತ್ತದೆ. ಕಾಣದ ಜೀವಿಗೆ ಅಂಜಿಕೆ ಹೆಚ್ಚು. ಹಾಗಾಗಿ ಅದು ಬಿಲ ಹಿಡಿದು ಕೂರುತ್ತದೆ. ಕೆಣಕಿದರೆ ಬೇಗ ಕಚ್ಚುತ್ತದೆ.

ಇದೇ ಸೀಮೆಯ ಹಾಸನೂರಿನ ಕಾಡಲ್ಲಿ ಗಂಡು ಜಿಂಕೆ, ಕಡವೆಗಳು ಕೊಂಬನ್ನೇ ಉದುರಿಸುತ್ತವೆ. ಆ ಕೊಂಬು ಗಟ್ಟಿ ಮೂಳೆ. ಬಿದ್ದದ್ದನ್ನು ಮುಳ್ಳುಹಂದಿ ಸುಣ್ಣದಂಶಕ್ಕಾಗಿ ಕಡಿಯುತ್ತದೆ. ಕೊಂಬಿಲ್ಲದ ದಿನಗಳಲ್ಲಿ ಗಂಡು ಸಾಮಾನ್ಯವಾಗಿ ಕಾಳಗಕ್ಕೆ ನಿಲ್ಲುವುದಿಲ್ಲ.

ನಾವೂ ಉದುರಿಸುವವರೇ, ಆದರೆ ಒಂದೇ ಸಲಕ್ಕಲ್ಲ. ನಮ್ಮ ಹೊರಚರ್ಮದ ಜೀವಕೋಶಗಳು ತಳದಲ್ಲಿ ಹುಟ್ಟಿ, ಮೇಲೇರುತ್ತ ಸತ್ತು, ಸುಮಾರು ನಾಲ್ಕು ವಾರಗಳಲ್ಲಿ ಧೂಳಾಗಿ ಹೋಗುತ್ತವೆ. ಮೈಗಂಟಿದ ಕೊಳೆ, ಸೂಕ್ಷ್ಮಜೀವಿಗಳು ಅವುಗಳೊಂದಿಗೇ ಹೋಗುತ್ತವೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು. ದಿನಕ್ಕೆ 50ರಿಂದ 100 ಉದುರುವುದು ಸಹಜ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ಸುಮ್ಮನಿದ್ದು, ಕಳಚಿ, ತನ್ನ ಬುಡದಲ್ಲೇ ಹೊಸದಕ್ಕೆ ಜಾಗ ಬಿಡುತ್ತದೆ. ಮಾದಪ್ಪನ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದ ತಲೆ ಮತ್ತೆ ತುಂಬಿಕೊಳ್ಳುವುದೂ ಬುಡದಿಂದಲೇ: ಕತ್ತಿ ಮುಟ್ಟುವುದು ಹೊರಗಿನ ಎಳೆಯನ್ನು, ಬುಡ ಚರ್ಮದೊಳಗೆ ಕ್ಷೇಮವಾಗಿರುತ್ತದೆ.

ನನ್ನನ್ನು ಕಾಡುವುದು ಬಾಣಂತಿಯರ ಕೂದಲು. ಬಸುರಿಯಾಗಿದ್ದಾಗ ಏರಿದ ಹಾರ್ಮೋನುಗಳು ಉದುರಬೇಕಾದ ಕೂದಲನ್ನೂ ತಡೆದಿಟ್ಟಿರುತ್ತವೆ. ಹೆರಿಗೆಯಾದ ಎರಡು ಮೂರು ತಿಂಗಳಿಗೆ ತಡೆದದ್ದೆಲ್ಲ ಒಟ್ಟಿಗೆ ಬಾಚಣಿಗೆಗೆ ಬರುತ್ತದೆ. ಜೋರು ಜ್ವರ ಬಂದು ಹೋದವರಿಗೂ ಇದೇ ಅನುಭವ. ಬಾಣಂತಿ ಆ ಕೂದಲನ್ನು ಬೆರಳಿಗೆ ಸುತ್ತಿ ಸೂರಿಗೆ ಸಿಕ್ಕಿಸುತ್ತ ಒಳಗೊಳಗೇ ಹೆದರುತ್ತಾಳೆ. ಆ ಹೆದರಿಕೆಗೆ ಮನೆಯವರೂ ನೆರೆಯವರೂ ಎಣ್ಣೆ ಸುರಿಯುತ್ತಾರೆ: ಇಷ್ಟುದ್ದ ಜಡೆ ಎಷ್ಟಾಗೋಯ್ತು, ಯಾರ ಕಣ್ಣು ಬಿತ್ತೋ ಎಂದು. ಒಂದು ವರ್ಷದೊಳಗೆ ಹೆಚ್ಚಿನವರಿಗೆ ಕೂದಲು ಮೊದಲಿನಂತೆ ಬರುತ್ತದೆ ಎಂದು ಹೇಳುವವರು ಕಡಿಮೆ.

ಉದುರುವುದು ಬಾಳಿನ ಸೋರಿಕೆಯಲ್ಲ, ಬಾಳಿನ ಕೆಲಸ. ಆದರೆ ಆ ಕೆಲಸ ನಡೆಯುವಾಗ ಜೀವ ಮೆತ್ತಗಿರುತ್ತದೆ, ಆಗ ಅದಕ್ಕೆ ಬೇಕಾದದ್ದು ಇತರರ ತಾಳ್ಮೆ. ಹುಳುವಿಗೆ ತೋರುವ ಆ ತಾಳ್ಮೆಯನ್ನು ಮನುಷ್ಯರಿಗೂ ತೋರಬೇಕೆಂಬುದು ನನ್ನ ಆಸೆ. ಬಾಣಂತಿಯ ಕೂದಲು ಬಿಲ್ಲೆಬಿಲ್ಲೆಯಾಗಿ ಹೋಗುತ್ತಿದ್ದರೆ, ವರ್ಷವಾದರೂ ನಿಲ್ಲದಿದ್ದರೆ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿ. ಅಲ್ಲಿಯವರೆಗೆ ಅವಳ ಬಾಚಣಿಗೆಯ ಲೆಕ್ಕ ಹೇಳಬೇಡಿ. ಹೊಟ್ಟೆ ತುಂಬ ಊಟ ಹಾಕಿ, ಮಗುವನ್ನು ಎತ್ತಿಕೊಂಡು, ಅವಳನ್ನು ಒಂದಷ್ಟು ಹೊತ್ತು ನಿದ್ದೆ ಮಾಡಲು ಬಿಡಿ.