ಸಿಂಪ್ಯೂಟರಿಗೆ ಬಂದ ಲಿನಕ್ಸ್

ಈಚೆಗೆ ಸನವಳ್ಳಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ಸಿಂಪ್ಯೂಟರ್ ಅಂತ ಒಂದು ಬಂದು ಮುಳುಗಿ ಹೋಯಿತಲ್ಲ, ಅದರಿಂದ ಏನು ಉಪಯೋಗವಾಯಿತು?" ಎಂದು ಕೇಳಿದ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಹೇಳಬಹುದಾದ ಸಂಗತಿ ಅದಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳೂ ಕೂಡಿ ರೂಪಿಸಿದ ಈ ಅಂಗೈಯಗಲದ ಗಣಕದ ಮಾದರಿ 2001ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಪ್ರಕಟವಾಯಿತು. ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಒಂದೇ ಯಂತ್ರವನ್ನು ಹಂಚಿಕೊಳ್ಳಬೇಕೆಂಬುದು ಆಶಯ. ಬೆಲೆ ಕಡಿಮೆಯಿರಬೇಕು, ಕರೆಂಟು ಹೋದರೂ ಬ್ಯಾಟರಿಯಲ್ಲಿ ನಡೆಯಬೇಕು. ಹಾಗಾಗಿ ಮೇಜಿನ ಗಣಕಗಳ ಪ್ರೊಸೆಸರನ್ನು ಬಿಟ್ಟು, ಕಡಿಮೆ ವಿದ್ಯುತ್ ನುಂಗುವ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಅನ್ನು ಆಯ್ದುಕೊಂಡರು. ಅದನ್ನು ತಯಾರಿಸುತ್ತಿದ್ದುದೂ ಇಂಟೆಲ್ ಕಂಪನಿಯೇ. ಆದರೆ ಪೆಂಟಿಯಂಗೆ ಬರೆದ ಆಜ್ಞೆಗಳು ಇದಕ್ಕೆ ಅರ್ಥವಾಗವು.

ಹಾಗಿದ್ದರೆ ಲಿನಕ್ಸ್ ಅದರಲ್ಲಿ ನಡೆದದ್ದು ಹೇಗೆ? ಅಡುಗೆಯ ಕ್ರಮವನ್ನು ಬರೆದಿಟ್ಟಿದ್ದೇವೆಂದು ಭಾವಿಸಿ. ಸೌದೆ ಒಲೆಯೋ ಗ್ಯಾಸೋ, ಸಾರಿನ ಕ್ರಮ ಬದಲಾಗುವುದಿಲ್ಲ. ಬೆಂಕಿ ಹೊತ್ತಿಸುವ, ಉರಿ ತಗ್ಗಿಸುವ ಮಾತುಗಳನ್ನಷ್ಟೇ ಬೇರೆ ಬರೆಯಬೇಕು. ಲಿನಕ್ಸಿನ ಬಹುಪಾಲು ಸಿ ಭಾಷೆಯಲ್ಲಿದೆ. ಅದನ್ನು ಕಂಪೈಲರ್ ಹೊಸ ಪ್ರೊಸೆಸರಿನ ಆಜ್ಞೆಗಳಿಗೆ ಪರಿವರ್ತಿಸುತ್ತದೆ. ಯಂತ್ರವನ್ನು ನೇರವಾಗಿ ಮುಟ್ಟುವ ಭಾಗವನ್ನು ಮಾತ್ರ ಕೈಯಾರೆ ಬರೆಯಬೇಕು.

ಈ ವಿಂಗಡಣೆ ಮೊದಲಿನಿಂದ ಇದ್ದುದಲ್ಲ. 1991ರಲ್ಲಿ ಲೀನಸ್ ಟೋರ್ವಾಲ್ಡ್ಸ್ ಅದನ್ನು ಬರೆದಾಗ ಅದು 386 ಪ್ರೊಸೆಸರಿಗೇ ಅಂಟಿಕೊಂಡಿತ್ತು. ಆಲ್ಫಾ ಪ್ರೊಸೆಸರಿಗೆ ಒಯ್ಯುವಾಗ ಎರಡು ಭಾಗಗಳನ್ನು ಬೇರ್ಪಡಿಸಬೇಕಾಯಿತು. ಆರ್ಮ್‌ಗೆ ಒಯ್ಯುವ ಕೆಲಸವನ್ನು ಇಂಗ್ಲೆಂಡಿನ ರಸೆಲ್ ಕಿಂಗ್ 1994ರಲ್ಲಿಯೇ ಆರಂಭಿಸಿದ್ದರು. ಆ ಶ್ರಮದ ಫಲ ಯಾರೂ ಬಳಸಬಹುದಾದಂತೆ ತೆರೆದಿತ್ತು. ಬೆಂಗಳೂರಿನವರು ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ, ಪ್ರತಿ ಯಂತ್ರಕ್ಕೂ ಪರವಾನಗಿಯ ಹಣ ತೆರಬೇಕಿರಲಿಲ್ಲ. ಅವರ ಪಾಲಿಗೆ ಉಳಿದದ್ದು ತಮ್ಮ ಪರದೆ, ಕಾರ್ಡಿನ ಗೂಡು ಮೊದಲಾದವಕ್ಕೆ ಲಿನಕ್ಸನ್ನು ಹೊಂದಿಸುವುದು. ಹಾರ್ಡ್ ಡಿಸ್ಕೇ ಇಲ್ಲದ ಯಂತ್ರದಲ್ಲಿ ಎಲ್ಲವನ್ನೂ ಅಡಕವಾಗಿಡುವುದು. ಇದೂ ಸಣ್ಣ ಕೆಲಸವೇನಲ್ಲ.

2004ರಲ್ಲಿ ಪಿಕೋಪೀಟಾ ಹಾಗೂ ಭಾರತ್ ಎಲೆಕ್ಟ್ರಾನಿಕ್ಸ್ ಸೇರಿ ಅಮಿಡಾ ಎಂಬ ಹೆಸರಿನಲ್ಲಿ ಅದನ್ನು ಮಾರುಕಟ್ಟೆಗೆ ತಂದಾಗ ಆರಂಭದ ಬೆಲೆ ಸುಮಾರು 10 ಸಾವಿರ ರೂಪಾಯಿ. ಬಡವರ ಗಣಕವೆಂಬ ಮಾತಿಗೆ ಅದು ಒಪ್ಪುವ ಬೆಲೆಯಲ್ಲ. ವ್ಯಾಪಾರದಲ್ಲಿ ಸೋತಿತು, ನಿಜ. ಆದರೆ ಮುಳುಗಿತೆಂಬ ಮಾತನ್ನು ನಾನು ಒಪ್ಪಲಾರೆ. ಪ್ರಶ್ನೆ ಕೇಳಿದವನ ಜೇಬಿನಲ್ಲಿದ್ದ ಆಂಡ್ರಾಯ್ಡ್ ಫೋನಿನಲ್ಲಿ ಇರುವುದೂ ಆರ್ಮ್ ಪ್ರೊಸೆಸರಿನ ಮೇಲೆ ನಡೆಯುವ ಲಿನಕ್ಸ್ ತಿರುಳೇ. ಇನ್ನೊಂದು ಸಂಗತಿಯಿದೆ. ಓದಲು ಬಾರದವರಿಗೆ ಬರಹವನ್ನು ಗಟ್ಟಿಯಾಗಿ ಓದಿ ಹೇಳಲೆಂದು ರಮೇಶ್ ಹರಿಹರನ್ ಅವರ ಮುಂದಾಳತ್ವದಲ್ಲಿ ಸಿಂಪ್ಯೂಟರಿಗಾಗಿ 'ಧ್ವನಿ' ಎಂಬ ತಂತ್ರಾಂಶ ಸಿದ್ಧವಾಗಿತ್ತು. ಮುಂದೆ ಅದು ಮುಕ್ತ ತಂತ್ರಾಂಶವಾಗಿ ಮೇಜಿನ ಗಣಕಗಳಿಗೂ ಬಂದು ಅಲ್ಲಿಯೂ ಕನ್ನಡವನ್ನು ಓದಿತು.