ಮಣೆಯೂ ಆಟವೂ

ಅರಿಸಿನ ಬೇಯಿಸಿ ಒಣಹಾಕುವ ಕಾಲಕ್ಕೆ ಚಾಮರಾಜನಗರದ ಕಡೆಯ ಚಂದಕವಾಡಿಗೆ ಹೋದರೆ ಬೇರೆ ಕೆಲಸಕ್ಕೆ ಮನಸ್ಸು ಏಳುವುದಿಲ್ಲ. ಕಣ್ಣಿಗೆ ಹಳದಿ, ಮೂಗಿಗೆ ಹಳದಿ, ಕೊನೆಗೆ ನೆರಳಿಗೂ ಹಳದಿ ಹತ್ತಿದ ಹಾಗೆ. ಅಂಥದೊಂದು ಮಧ್ಯಾಹ್ನ ಅಕ್ಕನ ಮನೆಯ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದೆ. ಅವಳ ಮಗಳು, ಎಂಟನೇ ಕ್ಲಾಸು, ನೋಟ್‌ಬುಕ್ ಹಿಡಿದುಕೊಂಡು ಬಂದಳು.

‘ಮಾವ, ಮುಟ್ಟಕ್ಕೆ ಆಗೋದು ಹಾರ್ಡ್‌ವೇರು, ಮುಟ್ಟಕ್ಕೆ ಆಗ್ದೇ ಇರೋದು ಸಾಫ್ಟ್‌ವೇರು ಅಂತ ಬರ್ಕೊಂಡಿವ್ನಿ. ಹಂಗಾರೆ ಬಿಸ್ಲುವೆ ಸಾಫ್ಟ್‌ವೇರಾ?’

ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟರೆ ಪ್ರಶ್ನೆಗೇ ಅವಮಾನ. ನಿಧಾನಕ್ಕೆ ನೋಡೋಣ ಎಂದೆ. ನಿಧಾನವೊಂದೇ ಆ ಜಗಲಿಯಲ್ಲಿ ಯಥೇಚ್ಛವಾಗಿ ಸಿಗುವ ಸರಕು.

ಕನ್ನಡದಲ್ಲಿ ಈ ಜೋಡಿಗೆ ಯಂತ್ರಾಂಶ, ತಂತ್ರಾಂಶ ಎಂಬ ಹೆಸರುಗಳಿವೆ. ಕಿವಿಗೆ ಹಿತವಾದ ಮಾತುಗಳೇ. ಆದರೆ ನಮ್ಮ ಸೀಮೆಯಲ್ಲಿ ಯಂತ್ರ ಎಂದರೆ ಮೊದಲು ನೆನಪಾಗುವುದು ಮಗುವಿನ ಕೊರಳಿಗೆ ಕಟ್ಟುವ ತಾಯತ. ತಂತ್ರ ಎಂದರೆ ಹಿಂದೆಯೇ ಮಂತ್ರ ಬರುತ್ತದೆ, ಮಂತ್ರ ಬಂದರೆ ಕೊಳ್ಳೇಗಾಲದ ಹೆಸರು ಬಾರದೆ ಇರುವುದಿಲ್ಲ. ಹುಡುಗಿಗೆ ಬೇಕಾದದ್ದು ಮಂತ್ರವಲ್ಲ, ಮುಟ್ಟಿ ನೋಡುವ ಅವಕಾಶ. ಒಳಕೋಣೆಯ ಹಳೆಯ ಕಂಪ್ಯೂಟರು ಕೆಲವು ತಿಂಗಳಿಂದ ಗೊರಕೆ ಹೊಡೆಯುತ್ತಿತ್ತು. ಪ್ಲಗ್ಗು ಕಿತ್ತು ಡಬ್ಬವನ್ನು ಹೊತ್ತು ತಂದು ಜಗಲಿಯ ಚಾಪೆಯ ಮೇಲೆ ಮಲಗಿಸಿದೆವು. ಬಿಚ್ಚಿದ ಸ್ಕ್ರೂಗಳು ಕಳೆಯದಂತೆ ಎಲ್ಲಿಡುವುದು? ಅವಳು ಓಡಿಹೋಗಿ ಅಜ್ಜಿಯ ಕಾಲದ ಅಳಗುಳಿ ಮಣೆ ತಂದು, ಅದರ ಹುಣಸೆಬೀಜಗಳನ್ನು ಒಂದು ಲೋಟಕ್ಕೆ ಸುರಿದಳು. ಏಳರಂತೆ ಎರಡು ಸಾಲು, ಹದಿನಾಲ್ಕು ಗುಳಿ. ಮುಚ್ಚಳದ ಸ್ಕ್ರೂಗಳು ಮೊದಲ ಗುಳಿಗೆ, ಫ್ಯಾನಿನವು ಎರಡನೆಯದಕ್ಕೆ. ಎಷ್ಟೋ ಬೆರಳು ತಿರುಗಾಡಿ ನುಣುಪಾದ ಆ ಮರದಲ್ಲಿ ಕಬ್ಬಿಣದ ಸ್ಕ್ರೂಗಳು ಹೊಸ ನೆಂಟರ ಹಾಗೆ ಮುದುರಿ ಕೂತವು.

ಮುಚ್ಚಳ ಸರಿಸಿದರೆ ಒಳಗೂ ಅರಿಸಿನ! ಫ್ಯಾನಿನ ರೆಕ್ಕೆಗಳ ಮೇಲೆ ಹಳದಿ ಧೂಳು ಪದರುಗಟ್ಟಿತ್ತು. ಬಣ್ಣ ಬಳಿಯುವ ಬ್ರಶ್ಶಿನಿಂದ ಗುಡಿಸುತ್ತ ಗುಡಿಸುತ್ತ ಹೋದ ಹಾಗೆ ಕೆಳಗೆ ಹಸಿರು ಹಲಗೆ ಕಾಣಿಸಿಕೊಂಡಿತು. ಮದರ್‌ಬೋರ್ಡು. ತಾಯಿಹಲಗೆ ಎನ್ನುವವರಿದ್ದಾರೆ, ನನಗೆ ತಾಯಿಮಣೆ ಎನ್ನುವುದೇ ಇಷ್ಟ. ಮಣೆ ಎಂಬ ಮಾತು ಕನ್ನಡದಲ್ಲಿ ಎಷ್ಟು ಮನೆ ಹೊಕ್ಕಿದೆ ನೋಡಿ: ಈಳಿಗೆಮಣೆ, ಹಸೆಮಣೆ, ಶಾವಿಗೆಮಣೆ, ಚೆನ್ನೆಮಣೆ, ಕೊನೆಗೆ ಕಂಪ್ಯೂಟರಿನ ಕೀಲಿಮಣೆ. ಮಣೆ ಸುಮ್ಮನಿರುತ್ತದೆ; ಅದರ ಮೇಲೆ ಯಾರೋ ಕೂರುತ್ತಾರೆ, ಏನೋ ಹೆಚ್ಚುತ್ತಾರೆ, ಏನೋ ನಡೆಯುತ್ತದೆ. ತಾಯಿಮಣೆಯದೂ ಅದೇ ಗುಣ. ಉಳಿದವರೆಲ್ಲ ಬಂದು ಕೂರುವುದು, ಒಬ್ಬರಿಗೊಬ್ಬರು ಮಾತಾಡುವುದು ಅದರ ಮೇಲೆ ಕೊರೆದ ತಾಮ್ರದ ಗೆರೆಗಳಲ್ಲಿ.

ನಡುವೆ ಒಂದು ಅಲ್ಯೂಮಿನಿಯಮ್ ಬಾಚಣಿಗೆಯಂಥದು, ಅದರಡಿಯಲ್ಲಿ ಪ್ರೊಸೆಸರು. ಎರಡರ ನಡುವೆ ಎಲೆಗೆ ಸವರಿದ ಸುಣ್ಣದ ಹಾಗೆ ಬಿಳಿಯ ಲೇಪ. ಪ್ರೊಸೆಸರಿನ ಬಿಸಿ ಮೇಲಿನ ಲೋಹಕ್ಕೆ ಸಲೀಸಾಗಿ ದಾಟಲಿ ಎಂದು. ಹಳೆಯದು ಒಣಗಿ ಬಿರುಕುಬಿಟ್ಟಿತ್ತು. ಒರೆಸಿ, ಅಂಗಡಿಯಿಂದ ತರಿಸಿದ ಹೊಸದನ್ನು ಕಡ್ಡಿಯ ತುದಿಯಲ್ಲಿ ಹಚ್ಚಿದೆವು. ಸುಣ್ಣಕ್ಕಿರುವ ನಿಯಮವೇ ಇದಕ್ಕೂ: ಹೆಚ್ಚಾಗಬಾರದು. ಆ ಪ್ರೊಸೆಸರಿನ ಹೊಟ್ಟೆಯಲ್ಲಿ ಉಗುರಗಲದ ಸಿಲಿಕಾನ್ ಬಿಲ್ಲೆ, ಅದರಲ್ಲಿ ಕೋಟಿ ಕೋಟಿ ಟ್ರಾನ್ಸಿಸ್ಟರುಗಳು. ಭೂಮಿಯ ಹೊರಪದರದಲ್ಲಿ ಆಮ್ಲಜನಕ ಬಿಟ್ಟರೆ ಅತಿ ಹೆಚ್ಚು ಇರುವ ಧಾತು ಸಿಲಿಕಾನೇ. ಹಡಗು ಹತ್ತಿ ಪರದೇಶಕ್ಕೆ ಹೋಗುವ ಚಾಮರಾಜನಗರದ ಕರಿಕಲ್ಲಿನಲ್ಲೂ ಅದಿದೆ, ಹೊಲದ ಮಣ್ಣಿನಲ್ಲೂ ಇದೆ. ‘ಅಂದ್ರೆ ಇದು ಕಲ್ಲೇಯಾ?’ ಎಂದಳು. ಕಲ್ಲೇ, ಓದು ಕಲಿತ ಕಲ್ಲು.

ಪಕ್ಕದಲ್ಲಿ ನೆಟ್ಟಗೆ ನಿಂತ ಪಟ್ಟಿ ರ‍್ಯಾಮ್, ಮೂಲೆಯಲ್ಲಿ ಭಾರದ ಹಾರ್ಡ್ ಡಿಸ್ಕು. ಇವೆರಡರ ವ್ಯತ್ಯಾಸ ಹೇಳಲು ಆ ಮನೆಗಿಂತ ಒಳ್ಳೆಯ ಜಾಗ ಬೇರೆ ಬೇಕಿರಲಿಲ್ಲ. ರ‍್ಯಾಮ್ ಜಗಲಿ, ಡಿಸ್ಕು ಅಟ್ಟ. ಹರಡಿಕೊಂಡು ಕೆಲಸ ಮಾಡಲು ಜಗಲಿಯೇ ಬೇಕು, ಎಲ್ಲವೂ ಕೈಗೆಟಕುತ್ತದೆ. ಆದರೆ ಮಳೆ ಬಂದರೆ ಜಗಲಿಯ ಮೇಲಿದ್ದದ್ದು ಹೋಯಿತು. ಅಟ್ಟಕ್ಕೆ ಏರಿಸಿದ್ದು ಉಳಿಯುತ್ತದೆ, ಇಳಿಸಲು ತುಸು ಹೊತ್ತು ಹಿಡಿಯುತ್ತದೆ. ಇಲ್ಲಿ ಮಳೆಯೆಂದರೆ ಕರೆಂಟ್ ಹೋಗುವುದು. ಬರೆದದ್ದನ್ನು ಸೇವ್ ಮಾಡುವುದೆಂದರೆ ಅಟ್ಟಕ್ಕೆ ಏರಿಸುವುದು, ಅಷ್ಟೆ. ಡಿಸ್ಕಿನೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ ಎಂದಾಗ ಅವಳು ಅದನ್ನು ಕಿವಿಗಿಟ್ಟು ಕೇಳಿದಳು. ಪ್ಲಗ್ಗು ಕಿತ್ತ ಡಿಸ್ಕು ಮೌನವಾಗಿತ್ತು.

‘ಇವೆಲ್ಲ ಮುಟ್ಟಕ್ಕೆ ಆಯ್ತದೆ. ಸಾಫ್ಟ್‌ವೇರು ಎಲ್ಲದೆ?’

ಮಣೆ ತೋರಿಸಿದೆ. ಮರ ಇದೆ, ಗುಳಿ ಇವೆ, ಲೋಟದಲ್ಲಿ ಬೀಜ ಇವೆ. ಆಟ ಎಲ್ಲಿದೆ? ಯಾವ ಗುಳಿಯಿಂದ ಎತ್ತಬೇಕು, ಯಾವ ದಿಕ್ಕಿಗೆ ಬಿತ್ತಬೇಕು, ಯಾವಾಗ ಗೆದ್ದ ಹಾಗೆ ಎಂಬುದು ಮರದಲ್ಲೂ ಇಲ್ಲ, ಬೀಜದಲ್ಲೂ ಇಲ್ಲ. ಅಜ್ಜಿಯ ಬಾಯಿಂದ ಅಮ್ಮನಿಗೆ, ಅಮ್ಮನಿಂದ ಇವಳಿಗೆ ಬಂದದ್ದು. ಅದೇ ಮಣೆಯ ಮೇಲೆ ಬೇರೆ ನಿಯಮ ಹಿಡಿದರೆ ಬೇರೆ ಆಟ. ಬಿಸಿಲನ್ನೂ ಮುಟ್ಟಲಾಗದು ನಿಜ, ಆದರೆ ಬಿಸಿಲು ಹೀಗೆ ಮಾಡು, ಆಮೇಲೆ ಹಾಗೆ ಮಾಡು ಎಂದು ಹೇಳುವುದಿಲ್ಲ. ಹೇಳಿದ ಹಾಗೆ ನಡೆಸುವುದು ಸಾಫ್ಟ್‌ವೇರು. ಅಲ್ಲೇ ನಾವಿಬ್ಬರೂ ಎರಡು ಹೆಸರು ಕಟ್ಟಿದೆವು: ಮಣೆಪಾಲು, ಆಟಪಾಲು. ಶಬ್ದಕೋಶಕ್ಕೆ ಸೇರದಿದ್ದರೂ ಅವಳ ನೋಟ್‌ಬುಕ್ಕಿಗೆ ಸೇರಿದವು.

ಈ ಎರಡು ಪಾಲು ಬೇರೆಯಾಗುವುದನ್ನು ಮಗ್ಗದಲ್ಲಿಯೂ ಕಾಣಬಹುದು. ಫ್ರಾನ್ಸಿನ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಮಗ್ಗದಲ್ಲಿ ಸೀರೆಯಂಚಿನ ಹೂಬಳ್ಳಿಯನ್ನು ಹೇಳುವುದು ಮೇಲೆ ತೂಗುವ ತೂತಿನ ರಟ್ಟುಗಳು. ತೂತಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ರಟ್ಟು ಬದಲಿಸಿದರೆ ಅದೇ ಮಗ್ಗದಲ್ಲಿ ಮಲ್ಲಿಗೆ ಹೋಗಿ ಮಾವು ಬರುತ್ತದೆ. ಇದೆ, ಇಲ್ಲ ಎಂಬ ಎರಡೇ ಮಾತಿನ ಈ ಭಾಷೆ ಚೌಕಾಬಾರದ ಕವಡೆಗೂ ಗೊತ್ತು: ಒಂದೋ ಅಂಗಾತ, ಇಲ್ಲವೇ ಬೋರಲು. ಒಂದು ಕವಡೆ ಒಂದು ಬಿಟ್. ಎಂಟು ಕವಡೆ ಸಾಲಾಗಿಟ್ಟರೆ ಒಂದು ಬೈಟ್. ಅದನ್ನು 256 ಬಗೆಯಲ್ಲಿ ಜೋಡಿಸಬಹುದು.

ಹಾಗಾದರೆ ‘ಚಂದಕವಾಡಿ’ ಎಂದು ಬರೆಯಲು ಎಷ್ಟು ಕವಡೆ ಬೇಕು? ಕೂತು ಎಣಿಸಿದೆವು. ಬಾಯಿಗೆ ಅದು ಐದಕ್ಷರ: ಚಂ, ದ, ಕ, ವಾ, ಡಿ. ಕಂಪ್ಯೂಟರುಗಳ ಅಕ್ಷರಪಟ್ಟಿಯಾದ ಯೂನಿಕೋಡಿಗೆ ಎಂಟು: ಚ, ಸೊನ್ನೆ, ದ, ಕ, ವ, ದೀರ್ಘ, ಡ, ಗುಡಿಸು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲೂ ಇದಕ್ಕೆ ಎಂಟೇ ಕೀಲಿ. ಈಗ ಹೆಚ್ಚು ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಎಂಟು ಮೂರಲೆ 24 ಬೈಟ್. 24 ಎಂಟಲೆ 192 ಬಿಟ್. ಊರಿನ ಹೆಸರು 192 ಕವಡೆಗಳ ಸಾಲಾಗಿ ಜಗಲಿಯಿಂದ ಬೀದಿಗಿಳಿದು ಹೋದಂತೆ ಕಂಡಿತು. ಪಕ್ಕದ ಮನೆಯವರು ನಿತ್ಯ ಕೂಗುವ ಹೆಸರು ಎಷ್ಟು ಉದ್ದದ್ದು ಎಂದು ಅದುವರೆಗೆ ನಮಗೆ ತಿಳಿದಿರಲಿಲ್ಲ.

ನಮ್ಮ ಮನೆಗೆ ಕಂಪ್ಯೂಟರು ಬರುವ ಮೊದಲು ಅದರ ಅಕ್ಷರ ಬಂದಿತ್ತು, ಪಹಣಿಯ ರೂಪದಲ್ಲಿ. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಕೈಬರಹದ ವಾರೆಕೋರೆ ಹೋಗಿ, ಅಚ್ಚಿನಂಥ ಕನ್ನಡದಲ್ಲಿ ಸರ್ವೆ ನಂಬರು, ಬೆಳೆ, ಹೆಸರು. ಅಮ್ಮ ಆ ಹಾಳೆಯ ಮೇಲೆ ಬೆರಳಾಡಿಸಿ, ಅಪ್ಪನ ಹೆಸರು ಸಿಕ್ಕಲ್ಲಿ ನಿಲ್ಲಿಸಿದ್ದು ನೆನಪಿದೆ. ಹೊಲ ಮುಟ್ಟುವಂಥದು, ಹೊಲ ನಮ್ಮದು ಎಂಬುದು ಮುಟ್ಟಲಾಗದ್ದು. ಎರಡನ್ನೂ ಆ ಒಂದು ಬೆರಳು ಹಿಡಿದುಕೊಂಡಿತ್ತು.

ಸಂಜೆಯ ಹೊತ್ತಿಗೆ ತಾಯಿಮಣೆಯ ನಾಣ್ಯದಂಥ ಬ್ಯಾಟರಿಯನ್ನೂ ಬದಲಿಸಿ, ಡಬ್ಬ ಮುಚ್ಚಿ ಸ್ವಿಚ್ ಒತ್ತಿದೆವು. ಚಿಪ್ಪಿನಲ್ಲಿ ಕಾದಿದ್ದ ಪುಟ್ಟ ಆಟಪಾಲು ಮೊದಲು ಎದ್ದು, ಜಗಲಿ ಇದೆಯೇ, ಅಟ್ಟ ಇದೆಯೇ ಎಂದು ನೋಡಿಕೊಂಡು, ಅಟ್ಟದ ಮೇಲಿದ್ದ ದೊಡ್ಡ ಆಟಪಾಲನ್ನು ಕರೆಯಿತು. ಗೊರಕೆ ನಿಂತಿತ್ತು. ಅವಳು ಎಂಟು ಕೀಲಿ ಒತ್ತಿ ಊರಿನ ಹೆಸರು ಬರೆದಳು, ಅಟ್ಟಕ್ಕೆ ಏರಿಸಿದಳು.

ಮಣೆಯ ಏಳನೇ ಗುಳಿಯಲ್ಲಿ ಒಂದು ಸ್ಕ್ರೂ ಉಳಿದಿತ್ತು. ಎಲ್ಲಿಯದೆಂದು ಹುಡುಕಿದರೂ ತಿಳಿಯಲಿಲ್ಲ. ಗುಳಿಗೆ ಐದರಂತೆ ಬೀಜ ತುಂಬುತ್ತ ಬಂದರೆ 70ಕ್ಕೆ ಒಂದು ಕಡಿಮೆ. ಅವಳು ನನ್ನ ಮುಖ ನೋಡಿದಳು, ಸ್ಕ್ರೂವನ್ನು ಬೀಜಗಳ ಜೊತೆ ಸೇರಿಸಿದಳು, ಮೊದಲ ಗುಳಿಯಿಂದ ಎತ್ತಿ ಬಿತ್ತತೊಡಗಿದಳು. ಟಪ್, ಟಪ್, ಟಪ್, ಟಿಣ್, ಟಪ್. ಕತ್ತಲಾಗುವವರೆಗೂ ಆ ಟಿಣ್ ಅವಳ ಸಾಲಿನಿಂದ ನನ್ನ ಸಾಲಿಗೆ, ನನ್ನ ಸಾಲಿನಿಂದ ಅವಳ ಸಾಲಿಗೆ ಸುತ್ತುತ್ತಲೇ ಇತ್ತು.