ಬಸ್ಸಿನಲ್ಲಿ ಬಂದ ಡಬ್ಬಿ

ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವಳು. ಸಸ್ತನಿಗಳು ಅಂದರೆ ಯಾರು, ಹಾಲು ಉತ್ಪತ್ತಿಯಾಗುವುದು ಯಾವ ಹಾರ್ಮೋನಿನಿಂದ, ಇಳಿಯುವುದು ಯಾವುದರಿಂದ ಎಂದೆಲ್ಲ ಬೋರ್ಡಿನ ಮೇಲೆ ಚಿತ್ರ ಬರೆದು, ಪ್ರೊಲ್ಯಾಕ್ಟಿನ್, ಆಕ್ಸಿಟೋಸಿನ್ ಎಂದು ಬಾಣದ ಗುರುತು ಹಾಕಿ ತೋರಿಸಿದವಳು. ಇದು ಪರೀಕ್ಷೆಗೆ ಬರುತ್ತೆ, ಬರೆದುಕೊಳ್ಳಿ ಅಂತಲೂ ಹೇಳುತ್ತಿದ್ದೆ. ಬಂತು. ನನ್ನ ಪರೀಕ್ಷೆಗೇ ಬಂತು.

ಮೊದಲನೆಯವಳು ಹುಟ್ಟಿದಾಗ ನನಗೆ ಯಾವ ತೊಂದರೆಯೂ ಆಗಿರಲಿಲ್ಲ. ಹಾಲು ಧಾರಾಳವಾಗಿತ್ತು, ಮಗಳು ಕುಡಿದು ಕುಡಿದು ಕುಂಬಳಕಾಯಿಯಾದಳು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇರಲಿಲ್ಲ. ಆದರೆ ಸುಲಭವಾಗಿ ಸಿಕ್ಕಿದ್ದನ್ನೆಲ್ಲ ತನ್ನ ಸಾಧನೆ ಅಂದುಕೊಳ್ಳುವುದು ಮನುಷ್ಯರ ಚಾಳಿ, ಮೇಷ್ಟ್ರುಗಳಲ್ಲಿ ಅದು ಇನ್ನೂ ಸ್ವಲ್ಪ ಜಾಸ್ತಿ. ಮರುವರ್ಷ ಚಿಕ್ಕಮ್ಮನ ಮಗಳು ತನ್ನ ಮಗುವಿಗೆ ಡಬ್ಬಿ ಹಾಲು ಹಾಕುತ್ತಿದ್ದಾಳೆ ಎಂದು ಗೊತ್ತಾದಾಗ ಫೋನು ಮಾಡಿ ಪಾಠ ಮಾಡಿದೆ. ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕೊಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ, ನಿನಗೆ ತಾಳ್ಮೆ ಸಾಲದು ಅಷ್ಟೆ ಅಂದೆ. ಅವಳು "ಹೂಂ ಅಕ್ಕ" ಅನ್ನುತ್ತಾ ಹೋದಳು. ಆ ಕಡೆ ಮೂಗು ಎಳೆದುಕೊಂಡ ಸದ್ದು ಕೇಳಿಸಿತು. ನೆಗಡಿ ಅಂದುಕೊಂಡೆ.

ಎರಡನೆಯವನು ಸಿಸೇರಿಯನ್ ಆಗಿ ಹುಟ್ಟಿದ. ಬಾಣಂತನಕ್ಕೆ ಜಯಪುರದ ತವರಿಗೆ ಬಂದೆ. ಪೇಟೆಯಲ್ಲಲ್ಲ, ಅಲ್ಲಿಂದ ಬಸರೀಕಟ್ಟೆ ಕಡೆಗೆ ಹೋಗುವ ರಸ್ತೆಯಲ್ಲಿ ಇಳಿದು, ತೋಟದ ದಾರಿ ಹಿಡಿದು ಒಳಗೆ ಬರಬೇಕು. ಪುನರ್ವಸು ಮಳೆ ಮುಗಿದು ಪುಷ್ಯ ಹಿಡಿದಿತ್ತು. ಆ ಮಳೆಯಲ್ಲಿ ಮಲೆನಾಡಿನ ಬಾಣಂತಿ ಕೋಣೆ ಹೇಗಿರುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಬಚ್ಚಲೊಲೆ ಬೆಳಗಿನಿಂದ ರಾತ್ರಿವರೆಗೆ ಉರಿಯುತ್ತದೆ. ಅದರ ಮೇಲೆ ಬಿದಿರಿನ ಗಳ ಕಟ್ಟಿ ಮಗುವಿನ ಬಟ್ಟೆ ಹರವಿರುತ್ತಾರೆ. ಬಟ್ಟೆ ಒಣಗುವುದಿಲ್ಲ, ಹೊಗೆ ಕುಡಿದು ಬೆಚ್ಚಗಾಗುತ್ತದೆ ಅಷ್ಟೆ. ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಮೂರು ಹೊತ್ತೂ ಕಾಳುಮೆಣಸಿನ ಸಾರು, ತುಪ್ಪ, ಸುಟ್ಟ ಬೆಳ್ಳುಳ್ಳಿ. ಗಂಡ ಶನಿವಾರ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುತ್ತಿದ್ದರು. ಮೂರು ವರ್ಷದ ಮಗಳು ಇಡೀ ದಿನ ಮಂಚದ ಕಾಲಿಗೆ ಅಂಟಿಕೊಂಡು, "ಇವನನ್ನ ಯಾವಾಗ ವಾಪಸ್ ಕೊಡೋದು?" ಎಂದು ಕೇಳುತ್ತಿದ್ದಳು.

ಈ ಸಲ ಹಾಲು ಬರುವುದು ತಡವಾಯಿತು. ಸಿಸೇರಿಯನ್ ಆದವರಿಗೆ ಹಾಗಾಗುವುದುಂಟು. ಹುಟ್ಟಿದ ಮಗು ಮೊದಲ ಕೆಲವು ದಿನ ತೂಕ ಇಳಿಯುವುದೂ, ಎರಡು ವಾರದೊಳಗೆ ಮತ್ತೆ ಹುಟ್ಟಿದ ತೂಕಕ್ಕೆ ಬರುವುದೂ ಸಹಜವೇ. ಸರ್ಕಾರದ ಲೆಕ್ಕದಲ್ಲಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನದೊಳಗೆ ಆರು ಸಲ ಬಂದು ಹೋಗಬೇಕು. ನಮ್ಮ ಆಶಾ ಆ ಮಳೆಯಲ್ಲೂ, ಕಾಲಿನ ಇಂಬಳ ಕಿತ್ತು ಬಿಸಾಡಿ ಜಗಲಿ ಹತ್ತಿ ಬರುತ್ತಿದ್ದರು. ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿ ನೋಡಿ, "ಮೇಡಂ, ಸ್ವಲ್ಪ ಇಳಿದಿದೆ. ಹೆದರಬೇಡಿ, ಬರುತ್ತೆ. ಪಾಪು ದಿನಕ್ಕೆ ಆರು ಸಲ ಉಚ್ಚೆ ಮಾಡ್ತಿದ್ರೆ ಹಾಲು ಸಿಗ್ತಿದೆ ಅಂತ ಲೆಕ್ಕ" ಅಂದರು. ಅವರು ಹೇಳಿದ್ದು ಅಕ್ಷರಶಃ ಸರಿಯಿತ್ತು. ನಾನು ನಂಬಲಿಲ್ಲ. ಎಮ್ಮೆಸ್ಸಿ ಮಾಡಿದವಳಿಗೆ ಆಶಾ ಹೇಳಿಕೊಡುವುದೆಂದರೇನು?

ಮಗು ಸಂಜೆಯಾದರೆ ಅಳುತ್ತಿತ್ತು. ಬಂದವರೆಲ್ಲ ಕೇಳುವುದು ಒಂದೇ ಮಾತು: "ಹಾಲು ಸಾಕಾಗ್ತಿದ್ಯನೇ?" ಛತ್ರಿ ಮಡಚಿ ಮೂಲೆಗಿಡುವ ಮೊದಲೇ ಕೇಳುತ್ತಿದ್ದರು. ನಾನು ನಗುತ್ತಾ, "ಬೇಕಾದಷ್ಟಿದೆ" ಅನ್ನುತ್ತಿದ್ದೆ. ಅವರು ಹೋದ ಮೇಲೆ ಅಳುತ್ತಿದ್ದೆ. ಅಮ್ಮ ಕಣ್ಣು ನೋಡಿ ಕೇಳಿದರೆ ಹೊಗೆ ಅನ್ನುತ್ತಿದ್ದೆ. ಹೊಗೆ ನಿಜವಾಗಿಯೂ ಇತ್ತಲ್ಲ, ಸುಳ್ಳು ಸಲೀಸಾಗಿ ನಡೆಯಿತು.

ಕೊನೆಗೆ ಕೊಪ್ಪದಲ್ಲಿ ಕೆಲಸದಲ್ಲಿದ್ದ ತಮ್ಮನಿಗೆ ಹೇಳಿ ಒಂದು ಡಬ್ಬಿ ತರಿಸಿ, ಟ್ರಂಕಿನಲ್ಲಿ ರೇಷ್ಮೆ ಸೀರೆಯ ಅಡಿಗೆ ಇಟ್ಟೆ. ಅಮ್ಮ ಮಲಗಿದ ಮೇಲೆ ಫ್ಲಾಸ್ಕಿನ ನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸುವುದು. 1992ರ ಕಾಯಿದೆಯ ಪ್ರಕಾರ ಇಂಥ ಡಬ್ಬಿಯ ಮೇಲೆ ಮಗುವಿನ ಚಿತ್ರ ಹಾಕುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ, ತಾಯಿಯ ಹಾಲೇ ಮಗುವಿಗೆ ಶ್ರೇಷ್ಠ ಎಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಲೇಬೇಕು. ಒಳ್ಳೆಯ ಕಾಯಿದೆ, ನಾನೇ ಅದನ್ನು ಹೊಗಳಿ ಮಾತಾಡಿದ್ದೇನೆ. ಆದರೆ ನಡುರಾತ್ರಿ ಟಾರ್ಚ್ ಬೆಳಕಿನಲ್ಲಿ ಆ ಸಾಲು ಓದುವಾಗ ಡಬ್ಬಿಯೇ ನನಗೆ ಬೈದ ಹಾಗಾಗುತ್ತಿತ್ತು. ಸಿಟ್ಟು ಬಂದು ಆ ಭಾಗಕ್ಕೆ ಮಗಳ ಸ್ಟಿಕ್ಕರ್ ಅಂಟಿಸಿದೆ. ಒಂದು ಮೊಲದ್ದು.

ರಾತ್ರಿ ಬಾಟಲಿ ಕುಡಿದ ಮಗು ಬೆಳಗ್ಗೆ ಎದೆ ಚೀಪಲು ಸೋಮಾರಿಯಾಯಿತು. ಮಗು ಚೀಪಿದಷ್ಟೂ ಹಾಲು ಹೆಚ್ಚು, ಚೀಪದಿದ್ದರೆ ಕಡಿಮೆ. ನಾನು ಬೋರ್ಡಿನ ಮೇಲೆ ಹಾಕುತ್ತಿದ್ದ ಬಾಣದ ಗುರುತು ಇದೇ. ಹಾಲು ಕಡಿಮೆಯಾಯಿತೆಂದು ಇನ್ನಷ್ಟು ಪುಡಿ, ಪುಡಿ ಹಾಕಿದ್ದಕ್ಕೆ ಇನ್ನಷ್ಟು ಕಡಿಮೆ. ಡಬ್ಬಿ ಬೇಗ ಬೇಗ ಖಾಲಿಯಾಯಿತು. ಕೊಟ್ಟಿಗೆಯ ಮೂಲೆಯಲ್ಲಿ ಮಾತ್ರ ನೆಟ್‌ವರ್ಕ್ ಸಿಗುತ್ತಿತ್ತು. ಅಲ್ಲಿ ನಿಂತು ತಮ್ಮನಿಗೆ ಪಿಸುಮಾತಿನಲ್ಲಿ ಹೇಳಿದೆ. ತಗಡಿನ ಮೇಲೆ ಮಳೆ. ಅವನು "ಎಂತ? ಎಂತದು? ಜೋರಾಗಿ ಹೇಳು" ಅಂದ. ಮೂರನೇ ಸಲ ಕಿರುಚಿಯೇ ಹೇಳಬೇಕಾಯಿತು. ಕೇಳಿದ್ದು ದನಗಳು ಮಾತ್ರ ಎಂದುಕೊಂಡು ಸಮಾಧಾನಪಟ್ಟೆ.

ಅವನಿಗೆ ಬರಲು ಆಗದೆ ಡಬ್ಬಿಯನ್ನು ಬಸ್ಸಿಗೆ ಕೊಟ್ಟು ಕಳಿಸಿದ. ನಮ್ಮ ಕಡೆ ಇದೇನೂ ಹೊಸದಲ್ಲ. 1991ರಲ್ಲಿ ಬಸ್ಸಿನ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ ಇದ್ದಾಗ ಮಾತ್ರೆ, ಪಂಪ್‌ಸೆಟ್ಟಿನ ಬುಷ್, ಟೈಲರ್ ಹೊಲಿದ ರವಿಕೆ, ಮದುವೆ ಕಾಗದ ಎಲ್ಲವೂ ಹಾಗೇ ಬರುತ್ತಿದ್ದವು. 2020ರಲ್ಲಿ ಆ ಬಸ್ಸುಗಳು ನಿಂತವು, ಪದ್ಧತಿ ನಿಲ್ಲಲಿಲ್ಲ. ತಮ್ಮ ಬುದ್ಧಿವಂತ, ಡಬ್ಬಿಗೆ ಪೇಪರು ಸುತ್ತಿ ದಾರ ಕಟ್ಟಿದ್ದ. ಮಳೆ ಅವನಿಗಿಂತ ಬುದ್ಧಿವಂತ. ನಮ್ಮ ಸ್ಟಾಪಿಗೆ ಬರುವಷ್ಟರಲ್ಲಿ ಪೇಪರು ನೆನೆದು ಕಳಚಿ, ದಾರ ಮಾತ್ರ ಉಳಿದಿತ್ತಂತೆ. ಕಂಡಕ್ಟರು ಅದನ್ನು ಎತ್ತಿ ಹಿಡಿದು, ಬಸ್ಸಿನ ಸದ್ದು ಮಳೆಯ ಸದ್ದು ಎರಡನ್ನೂ ಮೀರಿಸಿ, "ಬಾಣಂತಿ ಮೇಡಂ ಮನೆಗೆ ಹಾಲಿನ ಪುಡಿ!" ಎಂದು ಕೂಗಿ ಅಂಗಡಿಗೆ ಕೊಟ್ಟರು. ಬಸ್ಸಿನಲ್ಲಿ ಸಂತೆಯಿಂದ ಬರುತ್ತಿದ್ದವರು ಅರ್ಧ ಊರಿನವರು. ಅಂಗಡಿಯಿಂದ ನಮ್ಮ ಮನೆಗೆ ಅದನ್ನು ತಂದವರು ಕೆಳಮನೆ ಮಾವ. ಡೈರಿಗೆ ಹಾಲು ಹಾಕಿ ವಾಪಸ್ ಬರುತ್ತಿದ್ದರು. ಒಂದು ಕೈಯಲ್ಲಿ ಖಾಲಿ ಕ್ಯಾನು, ಇನ್ನೊಂದರಲ್ಲಿ ನನ್ನ ಡಬ್ಬಿ. "ನಮ್ಮನೇಲೇ ಹಾಲಿತ್ತಲ್ಲೇ ಮಾರಾಯ್ತಿ" ಅಂದರು ಪಾಪ, ಕರುಣೆಯಿಂದ.

ಅಮ್ಮ ಏನೂ ಅನ್ನಲಿಲ್ಲ. ಅದು ತಮ್ಮನ ಕಾಫಿಗೆ ಇರಬೇಕು ಎಂದೆ. ಹೇಳುವಾಗಲೇ ನನಗೇ ನಾಚಿಕೆಯಾಯಿತು. ಅಷ್ಟರಲ್ಲಿ ಮಗಳು ಕೋಣೆಯಿಂದ ಜಗಲಿಗೆ ಬಂದಳು. ಬಾಯಿ, ಮೂಗು, ಗಲ್ಲ ಎಲ್ಲ ಬಿಳಿ. ಟ್ರಂಕಿನ ಹಳೆಯ ಡಬ್ಬಿ ಅವಳ ಕಂಕುಳಲ್ಲಿತ್ತು. "ಅಮ್ಮ ರಾತ್ರಿ ಪಾಪುಗೆ ಕೊಡ್ತಾಳಲ್ಲ, ಆ ಹಿಟ್ಟು" ಎಂದು ಕೆಳಮನೆ ಮಾವನಿಗೆ ಒಂದು ಚಿಟಿಕೆ ಕೊಡಲು ಹೋದಳು. ಮೊಲದ ಸ್ಟಿಕ್ಕರನ್ನೂ ಅಮ್ಮನಿಗೆ ತೋರಿಸಿದಳು.

ಮರುದಿನದಿಂದ ಮನೆಗೆ ಔಷಧಿ ಬರಲು ಶುರುವಾಯಿತು. ಒಬ್ಬರು ಸಬ್ಬಸಿಗೆ ಸೊಪ್ಪು, ಒಬ್ಬರು ಮೆಂತ್ಯದ ಉಂಡೆ, ಕಾಡಂಚಿನ ಮನೆಯ ಅಜ್ಜಿ ಹಲವು ಮಕ್ಕಳ ತಾಯಿ ಬೇರು. ಶತಾವರಿಗೆ ನಮ್ಮಲ್ಲಿ ಹಾಗನ್ನುತ್ತಾರೆ. ಕಣ್ಣುಬಿದ್ದಿದೆ ಎಂದು ಮೆಣಸು ನಿವಾಳಿಸಿ ಒಲೆಗೆ ಹಾಕಿದರು, ಮನೆಮಂದಿಯೆಲ್ಲ ಕೆಮ್ಮಿದೆವು. ಇದನ್ನೆಲ್ಲ ತಡೆದುಕೊಂಡೆ. ತಡೆಯಲಾಗದಿದ್ದದ್ದು ವಾರದ ಕೊನೆಗೆ ಬಂದ ಚಿಕ್ಕಮ್ಮನ ಮಗಳನ್ನು.

ಅವಳು ಹಳೆಯದನ್ನು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು. ಕೈ ತೊಳೆದುಕೊಂಡು ಬಂದು, "ಎಷ್ಟು ನೀರಿಗೆ ಎಷ್ಟು ಪುಡಿ ಹಾಕ್ತೀಯ, ತೋರಿಸು ಅಕ್ಕ" ಅಂದಳು. ತೋರಿಸಿದೆ. ಹೊಟ್ಟೆ ತುಂಬಲಿ ಎಂದು ಗೋಪುರದ ಹಾಗೆ ತುಂಬಿದ ಚಮಚ. ಅವಳು ಚಾಕುವಿನ ಬೆನ್ನಿನಲ್ಲಿ ಚಮಚದ ತಲೆ ಸವರಿದಳು. "ಡಬ್ಬಿಯಲ್ಲಿ ಹೇಳಿದಷ್ಟೇ ಹಾಕ್ಬೇಕು. ಮೊದಲು ನೀರು, ಆಮೇಲೆ ಪುಡಿ. ಗಟ್ಟಿ ಮಾಡಿದ್ರೆ ಮಗೂಗೆ ಕಕ್ಕ ಆಗಲ್ಲ." ನಾಲ್ಕು ದಿನದಿಂದ ಮುಕ್ಕುತ್ತಿದ್ದ ಮಗನ ಕಷ್ಟ ನನಗೆ ಆಗ ಅರ್ಥವಾಯಿತು. ಇಷ್ಟನ್ನೂ ಡಬ್ಬಿಯ ಮೇಲೆಯೇ ಬರೆದಿತ್ತು. ಮೊಲದ ಪಕ್ಕದಲ್ಲೇ.

ಅವಳಲ್ಲಿ ಕ್ಷಮೆ ಕೇಳಿದೆ. "ಆವತ್ತು ನೀನು ಫೋನ್ ಇಟ್ಟ ಮೇಲೆ ಎರಡು ದಿನ ಊಟ ಮಾಡಿಲ್ಲ ನಾನು" ಅಂದಳು, ಮಗುವಿನ ಬೆನ್ನು ತಟ್ಟುತ್ತಾ. ಅಷ್ಟೇ. ಆಮೇಲೆ ಬಟ್ಟೆ ಮಡಚಿದಳು.

ಅಂದು ಸಂಜೆ ಅಮ್ಮ ದೇವರ ಕೋಣೆಯ ಕಪಾಟಿನಿಂದ ಒಂದು ಬೆಳ್ಳಿ ಒಳಲೆ ತಂದು ಹುಣಿಸೆಹಣ್ಣು ಹಾಕಿ ತಿಕ್ಕಿದರು. "ಬಾಟಲಿ ಬೇಡ, ಇದರಲ್ಲಿ ಕುಡಿಸು. ನಿನಗೂ ಇದರಲ್ಲೇ ಕುಡಿಸಿದ್ದು" ಅಂದರು. ಬಜೆ ತೇದು ಕುಡಿಸಿದ್ದೋ ಎಂದು ಕೇಳಿದೆ. "ಬಜೆಯೂ ಹೌದು. ಹಾಲೂ ಹೌದು. ನನಗೆಲ್ಲಿತ್ತು ಹಾಲು? ಹಗಲು ದನದ ಹಾಲು. ರಾತ್ರಿ ಕೆಳಮನೆ ಅತ್ತೆ ಬಂದು ಕುಡಿಸಿ ಹೋಗ್ತಿದ್ಲು, ಅವಳ ಮಗನೂ ನೀನೂ ಒಂದೇ ತಿಂಗಳಿನವರು." ಇದನ್ನು ಅಮ್ಮ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೇಳಿರಲಿಲ್ಲ. ಅತ್ತೆಯೂ ಹೇಳಿರಲಿಲ್ಲ. ಕೇಳಿದ ತಕ್ಷಣ ನನಗೆ ಹೊಳೆದದ್ದು, ನನ್ನ ಸುಳ್ಳು ಅಮ್ಮನಿಗೆ ಮೊದಲ ದಿನವೇ ತಿಳಿದಿತ್ತು ಎಂಬುದು. ತಮ್ಮ ಗುಟ್ಟನ್ನು ಬಿಟ್ಟುಕೊಡದೆ ನನ್ನದನ್ನು ಬಿಡಿಸುವುದು ಅವರಿಗೂ ಕಷ್ಟವಾಗಿತ್ತು. ಒಂದೇ ಮಾಡಿನ ಕೆಳಗೆ ಇಬ್ಬರು ತಾಯಂದಿರು ಒಂದೇ ವಿಷಯ ಮುಚ್ಚಿಟ್ಟುಕೊಂಡು ಹೊಗೆಯ ಮೇಲೆ ತಪ್ಪು ಹೊರಿಸುತ್ತಿದ್ದೆವು.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಳಲೆ ಇದೆ. ಎಲ್ಲ ತಾಯಂದಿರಿಗೂ ಯಾವಾಗಲೂ ಹಾಲು ಉಕ್ಕಿ ಹರಿಯುತ್ತಿದ್ದರೆ ಅಕ್ಕಸಾಲಿಗರಿಗೆ ಅಷ್ಟೊಂದು ಒಳಲೆ ಮಾಡುವ ಕೆಲಸ ಇರುತ್ತಿರಲಿಲ್ಲ. ತೂಕ ಕಡಿಮೆಯಿರುವ ಮಕ್ಕಳಿಗೆ ಕುಡಿಸಲು ಈಗ ಆಸ್ಪತ್ರೆಗಳಲ್ಲೂ ಒಳಲೆಯನ್ನೇ ಬಳಸುತ್ತಾರೆ, ಬಾಟಲಿಗಿಂತ ತೊಳೆಯುವುದು ಸುಲಭ. ಕೆಳಮನೆ ಅತ್ತೆ ಮಾಡಿದ್ದಕ್ಕೂ ಈಗ ಸಂಸ್ಥೆಗಳಿವೆ. 1989ರಲ್ಲಿ ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ತಾಯಿ ಹಾಲಿನ ಬ್ಯಾಂಕು ಶುರುವಾಯಿತು, ಬೆಂಗಳೂರಿನ ವಾಣಿವಿಲಾಸದಲ್ಲೂ ಈಗ ಅಂಥದ್ದಿದೆ. ಅತ್ತೆಗೆ ಇದನ್ನು ಹೇಳಿದಾಗ, "ಬಡ್ಡಿ ಎಷ್ಟು ಕೊಡ್ತಾರಂತೆ?" ಎಂದು ಕೇಳಿ ನಕ್ಕರು.

ಆಶಾ ಹೇಳಿದಂತೆ ಮೊದಲು ಎದೆಹಾಲು, ಆಮೇಲೆ ಬೇಕಿದ್ದರೆ ಮಾತ್ರ ಒಳಲೆಯಲ್ಲಿ ಡಬ್ಬಿಯದ್ದು ಎಂದು ಕ್ರಮ ಹಿಡಿದೆವು. ಹಾಲು ಹೆಚ್ಚಿತು. ಡಬ್ಬಿ ಪೂರ್ತಿ ನಿಲ್ಲಲಿಲ್ಲ, ಆರು ತಿಂಗಳಿಗೆ ರಾಗಿ ಮಣ್ಣಿ ಶುರುಮಾಡಿದ ಮೇಲೂ ಸ್ವಲ್ಪ ದಿನ ಇತ್ತು. ಸಂಜೆಯ ಅಳುವಿಗೂ ಹಾಲಿಗೂ ಅಂಥ ಸಂಬಂಧವೇ ಇರಲಿಲ್ಲ. ಎಳೆ ಮಕ್ಕಳ ಅಳು ಒಂದೂವರೆ ತಿಂಗಳಿನ ಹೊತ್ತಿಗೆ ಏರಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಇವನದೂ ಇಳಿಯಿತು. ಮೊದಲ ನಗು ನನಗೆ ಸಿಗುತ್ತದೆ ಎಂದು ಕಾದು ಕೂತಿದ್ದೆ. ಅವನು ನಕ್ಕಿದ್ದು ಸಹಕಾರ ಸಂಘದ ಗೋಡೆ ಕ್ಯಾಲೆಂಡರಿಗೆ. ಎರಡನೆಯದು ಅಕ್ಕನಿಗೆ. ಅವಳು ಆಮೇಲೆ ಅವನನ್ನು ವಾಪಸ್ ಕೊಡುವ ಮಾತೆತ್ತಲಿಲ್ಲ, ಬೆಳಗ್ಗೆ ಎದ್ದು ಅವನ ಪಕ್ಕ ಮಲಗಿ ಬಸ್ಸಿನ ಬೋರ್ಡುಗಳನ್ನು ಪಾಠ ಮಾಡುತ್ತಿದ್ದಳು: ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು. ಆ ಪಾಠ ಕೇಳುತ್ತಾ ಮಳೆಯಲ್ಲಿ ಕಂಬಳಿ ಹೊದ್ದು ಬಿದ್ದುಕೊಂಡಿರುವ ಸುಖವನ್ನು ನಾನು ಮೊದಲ ಒಂದು ತಿಂಗಳು ಟ್ರಂಕು ಕಾಯುವುದರಲ್ಲೇ ಕಳೆದುಕೊಂಡೆ. ಡಬ್ಬಿಗೆ ಕೊಟ್ಟ ದುಡ್ಡಿಗಿಂತ ಅದೇ ನನಗೆ ದೊಡ್ಡ ನಷ್ಟ.

ಹೆರಿಗೆಯಾದ ಮೊದಲ ಎರಡು ವಾರ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುವುದೇ. ಅದಕ್ಕಿಂತ ಮುಂದೆ ಹೋದರೆ ಹೊಗೆ ಎಂದು ಸುಳ್ಳು ಹೇಳದೆ ಯಾರಿಗಾದರೂ ಹೇಳಬೇಕು, ಡಾಕ್ಟರಿಗೆ ತೋರಿಸಬೇಕು. ಮನೆಯವರಿಗೆ ಹೇಳಲಾಗದಿದ್ದರೆ 14416ಕ್ಕೆ ಫೋನು ಮಾಡಬಹುದು, ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಕೊಟ್ಟಿಗೆಯ ಮೂಲೆಯಿಂದ ಮಾಡಿದರೂ ಸರಿ.

ಇನ್ನು ಬಾಣಂತಿ ನೋಡಲು ಹೋಗುವವರಲ್ಲಿ ಒಂದು ವಿನಂತಿ. ಹಾಲು ಸಾಕಾಗ್ತಿದ್ಯಾ ಎಂದು ಕೇಳಬೇಡಿ. ಕೇಳಿದರೆ ನಮಗೆ ಸುಳ್ಳು ಹೇಳಲೇಬೇಕಾಗುತ್ತದೆ. ದೊಡ್ಡ ಮಗುವನ್ನು ಒಂದು ಗಂಟೆ ತೋಟಕ್ಕೋ ಅಂಗಡಿಗೋ ಕರೆದುಕೊಂಡು ಹೋಗಿ, ಗಳದ ಮೇಲಿನ ಬಟ್ಟೆ ತಿರುವಿ ಹಾಕಿ. ಮಗುವಿನ ಕೈಗೆ ನೂರು ರೂಪಾಯಿ ಇಡುವ ಪದ್ಧತಿಯನ್ನು ಮಾತ್ರ ಬಿಡಬೇಡಿ, ಡಬ್ಬಿ ಬಹಳ ದುಬಾರಿ.